ಟರ್ಬೊನಾ, ಸಾದಾನಾ? ಕೇಳುವವರಿಗೆಲ್ಲ ನನ್ನ ಉತ್ತರ

"ಟರ್ಬೊ ತಗೊಳ್ಳಲಾ, ಸಾದಾ ಎಂಜಿನ್ ತಗೊಳ್ಳಲಾ?"

ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಫೋನಿನಲ್ಲಿ ಬರುತ್ತದೆ, ಲಿಫ್ಟಿನಲ್ಲಿ ಬರುತ್ತದೆ, ಊಟಕ್ಕೆ ಕೂತಾಗಲೂ ಬರುತ್ತದೆ. ಕೇಳುವವರು ಹ್ಯಾಚ್‌ಬ್ಯಾಕ್ ಕೊಳ್ಳಲು ಹೊರಟವರು. ಕಾರು ಯಾವುದು ಅಂತ ತೀರ್ಮಾನ ಆಗಿರುತ್ತದೆ. ಅದೇ ಕಾರು ಎರಡು ಎಂಜಿನ್‌ಗಳಲ್ಲಿ ಸಿಗುತ್ತದೆ. ಒಂದು 1.0 ಲೀಟರಿನ ಟರ್ಬೊ. ಇನ್ನೊಂದು 1.2 ಲೀಟರಿನದ್ದು, ಟರ್ಬೊ ಇಲ್ಲ, ತಾನಾಗಿ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟರಲ್ಲೇ ಓಡುತ್ತದೆ. ಎರಡರಲ್ಲಿ ಯಾವುದು? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಯಲ್ಲಿ ತಪ್ಪಿಲ್ಲ. ಕೇಳುವ ರೀತಿ ನನಗೆ ಸಿಟ್ಟು ಬರಿಸುತ್ತದೆ. "ಜಾಸ್ತಿ ಹೇಳಬೇಡಿ, ಒಂದೇ ಮಾತಲ್ಲಿ ಹೇಳಿ, ಯಾವುದು ಬೆಸ್ಟ್?" ಚಪ್ಪಲಿ ಅಂಗಡಿಗೆ ಹೋಗಿ, ಕಾಲು ತೋರಿಸದೆ, "ಯಾವ ನಂಬರ್ ಬೆಸ್ಟ್?" ಅಂತ ಯಾರಾದರೂ ಕೇಳುತ್ತಾರಾ? ಎಂಜಿನ್ ವಿಷಯಕ್ಕೆ ಮಾತ್ರ ಹಾಗೆ ಕೇಳುತ್ತಾರೆ. ನಾನು ತಿರುಗಿ ಎರಡು ಪ್ರಶ್ನೆ ಕೇಳಿದರೆ ಮುಖ ಸಣ್ಣದಾಗುತ್ತದೆ. ಗೊತ್ತಿದ್ದರೂ ಹೇಳುತ್ತಿಲ್ಲ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು ಅದಕ್ಕಿಂತ ಜಾಸ್ತಿ ಚುಚ್ಚುತ್ತದೆ. "ಇಷ್ಟು ಚಿಕ್ಕ ಎಂಜಿನ್ ಗಾಡಿ ಎಳೆಯುತ್ತಾ?" ಇದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ.

ಎಂಜಿನ್ನಿಗೆ ಪೆಟ್ರೋಲು ಸುರಿಯುವುದು ಸುಲಭ. ಗಾಳಿ ತುಂಬುವುದೇ ಕಷ್ಟ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಟರ್ಬೊ ಇಲ್ಲದ ಎಂಜಿನ್ನಿಗೆ ಜಾಸ್ತಿ ಗಾಳಿ ಬೇಕೆಂದರೆ ಎರಡೇ ದಾರಿ. ಸಿಲಿಂಡರ್ ದೊಡ್ಡದಿರಬೇಕು, ಇಲ್ಲವೇ ಜೋರಾಗಿ ತಿರುಗಬೇಕು. ಟರ್ಬೊಗೆ ಮೂರನೇ ದಾರಿ ಇದೆ. ಸೈಲೆನ್ಸರಿನ ಕಡೆಗೆ ಸುಮ್ನೆ ಹೋಗುತ್ತಿದ್ದ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸಣ್ಣ ಟರ್ಬೊಗಳ ಆ ಅಚ್ಚು ನಿಮಿಷಕ್ಕೆ 2 ಲಕ್ಷ ಸುತ್ತು ದಾಟಬಲ್ಲದು. ಅದನ್ನು ಹಿಡಿದಿರುವುದು ಒಂದು ತೆಳು ಪದರದ ಎಂಜಿನ್ ಆಯಿಲ್. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೆಕ್ಕ ನೋಡೋಣ. ಹ್ಯುಂಡೈ ಐ20 ಎರಡೂ ಬಗೆಯಲ್ಲಿ ಬಂದಿದೆ. ಅದರ 1.2 ಲೀಟರಿನ ಎಂಜಿನ್ ಕೊಡುವುದು ಸುಮಾರು 115 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದೂ 4,200 ಆರ್‌ಪಿಎಂ, ಅಂದರೆ ನಿಮಿಷಕ್ಕೆ 4,200 ಸುತ್ತು ಮುಟ್ಟಿದಾಗ. 1.0 ಲೀಟರಿನ ಟರ್ಬೊ 172 ಕೊಡುತ್ತದೆ, 1,500ರಿಂದ 4,000ದ ತನಕ ಒಂದೇ ಸಮನೆ. 2,000 ಆರ್‌ಪಿಎಂನಲ್ಲಿ ಹೋಗುತ್ತಾ ಎದುರಿಗೆ ಏರು ಸಿಕ್ಕಿತು ಅಂತಿಟ್ಟುಕೊಳ್ಳಿ. ಟರ್ಬೊ ಎಂಜಿನ್ ಹತ್ತಿರ ಆಗ 36 ಕಿಲೋವಾಟ್ ಶಕ್ತಿ ಇರುತ್ತದೆ. 1.2 ಎಂಜಿನ್ ಅಲ್ಲೇ ತನ್ನ ಪೂರ್ತಿ 115 ಕೊಟ್ಟಿತು ಅಂತ ಒಪ್ಪಿದರೂ ಬರುವುದು 24 ಮಾತ್ರ. ಅದಕ್ಕೂ 36 ಬೇಕೆಂದರೆ ಗೇರ್ ಇಳಿಸಿ ಎಂಜಿನ್ನನ್ನು 3,000ದ ಹತ್ತಿರ ತಿರುಗಿಸಬೇಕು.

ಹಾಗಾಗಿ ಚಿಕ್ಕ ಎಂಜಿನ್ ಎಳೆಯುತ್ತದೆ. ಚೆನ್ನಾಗಿಯೇ ಎಳೆಯುತ್ತದೆ. ದೊಡ್ಡದೂ ಎಳೆಯುತ್ತದೆ, ಆದರೆ ನಿಮ್ಮ ಕೈಯಿಂದ ಒಂದೆರಡು ಗೇರ್ ಕೇಳಿ ಎಳೆಯುತ್ತದೆ. ಗೇರ್ ಇಳಿಸುವುದನ್ನು ಸೋಲು ಅಂದುಕೊಳ್ಳುವವರಿಗೆ ಆ ಕಾರು ದಂಡ ಅನಿಸುತ್ತದೆ. "ಪಿಕಪ್ಪೇ ಇಲ್ಲ" ಅನ್ನುತ್ತಾರೆ. 3,500 ಆರ್‌ಪಿಎಂ ಶಬ್ದ ಕೇಳಿದರೆ ಎಂಜಿನ್ನಿಗೆ ನೋವಾಗುತ್ತಿದೆ ಅಂದುಕೊಂಡು ಕಾಲು ತೆಗೆಯುತ್ತಾರೆ. ಅದು ನೋವಲ್ಲ, ಅದರ ದುಡಿಮೆಯ ದನಿ.

ಇಷ್ಟನ್ನು ನಾನು ವರ್ಷಗಟ್ಟಲೆ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದೆ. ಕೊನೆಗೆ "ಟರ್ಬೊ ತಗೊಳ್ಳಿ" ಅಂತ ಮುಗಿಸುತ್ತಿದ್ದೆ. ನನ್ನ ಸೋದರಮಾವನಿಗೂ ಹಾಗೇ ಹೇಳಿದೆ.

ಅವರು ಫೋನ್ ಮಾಡಿದಾಗ ನಾನು ಯಾವುದೋ ಅವಸರದಲ್ಲಿದ್ದೆ. "ಎರಡು ಎಂಜಿನ್ ಇದೆ ಅಂತಾರೆ ಕಣೋ, ಯಾವುದು ಬರೆಸಲಿ?" ಅಂದರು. "ಕಣ್ಣು ಮುಚ್ಚಿಕೊಂಡು ಟರ್ಬೊ ಬರೆಸಿ ಮಾವ" ಅಂದೆ. ಅರ್ಧ ನಿಮಿಷವೂ ಆಗಲಿಲ್ಲ. ಅವರು ನನ್ನ ಮಾತು ನಂಬಿದರು. ಬರೆಸಿದರು.

ಎಂಟು ತಿಂಗಳ ಮೇಲೆ ಮತ್ತೆ ಫೋನ್. "ಗಾಡಿಯಲ್ಲಿ ಆಯಿಲ್ ಜಾಸ್ತಿ ಆಗಿದೆ ಕಣೋ. ಆಯಿಲ್ ಕಮ್ಮಿ ಆಗೋದು ಕೇಳಿದ್ದೀನಿ. ತಾನಾಗಿ ಜಾಸ್ತಿ ಆಗೋದೂ ಉಂಟಾ?"

ಉಂಟು. ಹೋಗಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನು ದಾಟಿ ಮೇಲೆ ನಿಂತಿತ್ತು. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. "ದಿನಾ ಎಲ್ಲಿಗೆ ಹೋಗ್ತೀರಿ ಮಾವ?" ಅಂತ ಆಗ ಕೇಳಿದೆ. ಮೊಮ್ಮಗಳನ್ನು ಶಾಲೆಗೆ ಬಿಡುತ್ತಾರೆ, ಸಂಜೆ ಕರೆದುಕೊಂಡು ಬರುತ್ತಾರೆ. ಒಂದು ಕಡೆಗೆ ಎರಡು ಕಿಲೋಮೀಟರ್. ಎಂಟು ತಿಂಗಳಿಂದ ಆ ಎಂಜಿನ್ ಪೂರ್ತಿ ಬಿಸಿಯಾಗಿದ್ದೇ ಅಪರೂಪ.

ಈಗಿನ ಬಹಳಷ್ಟು ಟರ್ಬೊ ಎಂಜಿನ್‌ಗಳು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುತ್ತವೆ. ಎಂಜಿನ್ ತಣ್ಣಗಿದ್ದಾಗ ಅದೆಲ್ಲ ಆವಿಯಾಗುವುದಿಲ್ಲ. ಸ್ವಲ್ಪ ಸಿಲಿಂಡರಿನ ಗೋಡೆಗೆ ಹತ್ತಿ, ಪಿಸ್ಟನ್ ರಿಂಗ್ ದಾಟಿ, ಕೆಳಗಿನ ಆಯಿಲ್ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಆ ಪೆಟ್ರೋಲು ಮತ್ತೆ ಆವಿಯಾಗಿ ಹೊರಟುಹೋಗುತ್ತದೆ. ಎರಡು ಕಿಲೋಮೀಟರಿಗೆ ಕೀ ತೆಗೆದರೆ ಅಲ್ಲೇ ಉಳಿಯುತ್ತದೆ. ಆಯಿಲ್ ನೀರಿನ ಹಾಗೆ ತೆಳ್ಳಗಾಗುತ್ತದೆ. ಲಕ್ಷಗಟ್ಟಲೆ ಸುತ್ತು ತಿರುಗುವ ಆ ಅಚ್ಚನ್ನು ಹಿಡಿದಿರುವುದು ಇದೇ ಆಯಿಲ್ ಅಂದೆನಲ್ಲ, ಅದು.

ಆಮೇಲೆ ಅವರ ಪಕ್ಕ ಕೂತು ಒಂದು ಸುತ್ತು ಹೋದೆ. 35 ಕಿಲೋಮೀಟರ್ ವೇಗಕ್ಕೆ ಐದನೇ ಗೇರ್ ಹಾಕಿದರು. ಟಾಪ್ ಗೇರಿನಲ್ಲಿ ಹೋದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವ ಕಾಲದಲ್ಲಿ ಕಾರು ಕಲಿತವರು. ಏರು ಬಂತು. ಗೇರ್ ಇಳಿಸಲಿಲ್ಲ, ಆಕ್ಸಿಲರೇಟರನ್ನೇ ಪೂರ್ತಿ ಒತ್ತಿದರು. ಗಾಡಿ ಗಡಗಡ ನಡುಗಿತು. ಟರ್ಬೊ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಕಮ್ಮಿ. ಕಡಿಮೆ ಆರ್‌ಪಿಎಂನಲ್ಲಿ ಭಾರೀ ಒತ್ತಡ ಬಿದ್ದಾಗ, ಪ್ಲಗ್ ಕಿಡಿ ಹಾರಿಸುವ ಮೊದಲೇ ಮಿಶ್ರಣ ಹೊತ್ತಿಕೊಳ್ಳಬಹುದು. ಅದು ಜೋರಾಗಿ ಆದರೆ ಪಿಸ್ಟನ್ನೇ ಒಡೆಯುತ್ತದೆ. ಇದರ ಕಾಟ ಎಷ್ಟಿತ್ತೆಂದರೆ 2020ರಲ್ಲಿ ಬಂದ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ದರ್ಜೆ) ಆಯಿಲ್‌ಗಳು ಇದಕ್ಕೆಂದೇ ಇರುವ ಪರೀಕ್ಷೆ ಪಾಸಾಗಬೇಕು.

ವಾಪಸು ಬರುವಾಗ ಮಾವ ಬೈಯಲಿಲ್ಲ. ರಸ್ತೆ ನೋಡುತ್ತಲೇ ಒಂದು ಮಾತು ಹೇಳಿದರು. "ನಾನು ದಿನಾ ಎಷ್ಟು ಓಡಿಸ್ತೀನಿ ಅಂತ ನೀನು ಕೇಳಲೇ ಇಲ್ಲವಲ್ಲೋ."

ಅವರಿಗೆ ಬೇಕಿದ್ದದ್ದು ಆ 1.2 ಎಂಜಿನ್. ಪೆಟ್ರೋಲು ಸಿಲಿಂಡರಿನ ಹೊರಗೆ, ಗಾಳಿ ಒಳಬರುವ ವಾಲ್ವಿನ ಹಿಂದೆಯೇ ಚಿಮ್ಮುವ, ಟರ್ಬೊದ ಬಿಸಿಯಿಲ್ಲದ, ಸಣ್ಣ ಓಟವನ್ನು ಇನ್ನಷ್ಟು ತಾಳಿಕೊಳ್ಳುವ ಎಂಜಿನ್. ನಾನು ಒಂದು ಪ್ರಶ್ನೆ ಕೇಳಿದ್ದರೆ ಅದು ಗೊತ್ತಾಗುತ್ತಿತ್ತು.

ಇದು ಇವತ್ತಿನ ಕಥೆಯೂ ಅಲ್ಲ. ಟರ್ಬೊದ ಪೇಟೆಂಟ್ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಹೆಸರಿನಲ್ಲಿ 1905ರಲ್ಲೇ ಇದೆ. ಮಾರಾಟಕ್ಕೆ ಬಂದ ಮೊದಮೊದಲ ಟರ್ಬೊ ಕಾರುಗಳಲ್ಲಿ ಒಂದು ಅಮೆರಿಕದ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಅದರ ಎಂಜಿನ್ ಅಕಾಲದಲ್ಲಿ ಹೊತ್ತಿಕೊಳ್ಳದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಚಿಮ್ಮಿಸುತ್ತಿದ್ದರು. ಅದಕ್ಕೊಂದು ಬೇರೆ ಟ್ಯಾಂಕ್ ಇತ್ತು. ಮಾಲೀಕರು ಅದನ್ನು ಆಗಾಗ ತುಂಬಿಸಬೇಕಿತ್ತು, ಅಷ್ಟೇ. ಬಹಳ ಜನ ತುಂಬಿಸಲಿಲ್ಲ. ಟ್ಯಾಂಕ್ ಖಾಲಿಯಾದರೆ ಟರ್ಬೊದ ಜೋರು ಇಳಿಯುತ್ತಿತ್ತು. ಎಷ್ಟೋ ಗಾಡಿಗಳಿಂದ ಕೊನೆಗೆ ಟರ್ಬೊವನ್ನೇ ಕಳಚಿ ಸಾದಾ ಕಾರ್ಬುರೇಟರ್ ಕೂರಿಸಿದರು. ಎಂಜಿನ್ ಒಳ್ಳೆಯದೇ ಇತ್ತು. ಅದು ಕೇಳಿದ್ದನ್ನು ಕೊಡುವ ಅಭ್ಯಾಸ ಮಾಲೀಕರಿಗೆ ಇರಲಿಲ್ಲ.

ಹಾಗಾಗಿ ನನ್ನನ್ನು ಯಾರಾದರೂ ಹೀಗೆ ಕೇಳಲಿ ಅಂತ ಕಾಯುತ್ತೇನೆ: "ನಾನು ದಿನಾ ಇಷ್ಟು ದೂರ, ಇಂಥ ರಸ್ತೆಯಲ್ಲಿ, ಹೀಗೆ ಓಡಿಸುತ್ತೇನೆ. ಈ ಎಂಜಿನ್ ನನ್ನ ಹತ್ತಿರ ಏನು ಕೇಳುತ್ತದೆ?" ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದರೆ ಸಂತೋಷವಾಗಿ ಒಂದು ಗಂಟೆ ಕೂತು ಮಾತಾಡುತ್ತೇನೆ.

ಟರ್ಬೊ ಕೇಳುವುದು ಇಷ್ಟು. ಕಾರಿನ ಪುಸ್ತಕದಲ್ಲಿ ಬರೆದ ದರ್ಜೆಯದೇ ಆಯಿಲ್. ಪುಸ್ತಕ ಹೇಳಿದಷ್ಟು ಕಿಲೋಮೀಟರ್ ಆಗದಿದ್ದರೂ, ಅದು ಹೇಳಿದಷ್ಟು ತಿಂಗಳು ಕಳೆದರೆ ಆಯಿಲ್ ಬದಲಾವಣೆ. ಮಾಲೀಕರು ಜಾಸ್ತಿ ತಪ್ಪಿಸುವುದು ಇದನ್ನೇ. ಬೆಳಗ್ಗೆ ಮೊದಲ ಕೆಲವು ಕಿಲೋಮೀಟರ್ ಮೆತ್ತಗೆ. ಏರಿನಲ್ಲಿ ಗೇರ್ ಇಳಿಸುವ ಮನಸ್ಸು. ಬೆಟ್ಟ ಹತ್ತಿಸಿ ಬಂದ ಕೂಡಲೇ ಕೀ ತೆಗೆಯದೆ ಒಂದು ನಿಮಿಷ ತಾಳ್ಮೆ. ಈಗಿನ ಹಲವು ಟರ್ಬೊಗಳನ್ನು ತಣಿಸಲು ಕೂಲೆಂಟ್ ದ್ರವ ಸುತ್ತಾಡುತ್ತದೆ, ಕೆಲವದರಲ್ಲಿ ಎಂಜಿನ್ ನಿಂತ ಮೇಲೂ ಪಂಪು ಓಡುತ್ತದೆ, ಹಿಂದಿನಷ್ಟು ಭಯ ಇಲ್ಲ. ಆದರೂ ಆ ಒಂದು ನಿಮಿಷ ಕೊಡಿ, ಏನೂ ಕಳೆದುಕೊಳ್ಳುವುದಿಲ್ಲ.

ಸಾದಾ ಎಂಜಿನ್ ಇಷ್ಟೆಲ್ಲ ಕೇಳುವುದಿಲ್ಲ. ಅದು ಕೇಳುವುದು ಧೈರ್ಯ. ಓವರ್‌ಟೇಕ್ ಮಾಡುವಾಗ ಮೂರನೇ ಗೇರಿಗೆ ಇಳಿಸಿ 5,000 ಆರ್‌ಪಿಎಂ ತನಕ ತಿರುಗಿಸುವ ಧೈರ್ಯ. ಅದಿಲ್ಲದವರು ಅದೇ ಕಾರಿನಲ್ಲಿ ಲಾರಿಯ ಹಿಂದೆ ಹತ್ತು ಕಿಲೋಮೀಟರ್ ತೆವಳುತ್ತಾರೆ.

ಮೈಲೇಜ್ ವಿಷಯ ಬರದೆ ಯಾರೂ ಬಿಡುವುದಿಲ್ಲ, ಹಾಗಾಗಿ ಅದನ್ನೂ ಹೇಳುತ್ತೇನೆ. ಮೆತ್ತಗೆ ಓಡಿಸಿದರೆ ಸಣ್ಣ ಟರ್ಬೊ ಸಣ್ಣ ಎಂಜಿನ್ನಿನಷ್ಟೇ ಕುಡಿಯುತ್ತದೆ. ಜೋರು ಮಾಡಿದರೆ ದೊಡ್ಡ ಎಂಜಿನ್ನಿನಷ್ಟು ಕುಡಿಯುತ್ತದೆ, ಕೆಲವು ಸಲ ಇನ್ನೂ ಜಾಸ್ತಿ. ಪೂರ್ತಿ ಒತ್ತಿದಾಗ ಒಳಗಿನ ಬಿಸಿ ತಗ್ಗಿಸಲು ಬಹಳ ಟರ್ಬೊ ಎಂಜಿನ್‌ಗಳು ಹೆಚ್ಚಿಗೆ ಪೆಟ್ರೋಲ್ ಸುರಿಯುತ್ತವೆ. ಮೈಲೇಜ್ ಅಳೆಯುವ ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆ ತೀರಾ ಮೆತ್ತಗಿತ್ತು. ಅದರಲ್ಲಿ ಟರ್ಬೊಗೆ ಒತ್ತಡವೇ ಬೀಳುತ್ತಿರಲಿಲ್ಲ, ಅಂಕಿ ಚೆನ್ನಾಗಿ ಬರುತ್ತಿತ್ತು. 2017ರಿಂದ ಅದರ ಜಾಗಕ್ಕೆ ನಿಜವಾದ ಓಡಾಟಕ್ಕೆ ಇನ್ನಷ್ಟು ಹತ್ತಿರವಾದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಬಂತು. ಮಜ್ದಾ ಕಂಪನಿ ಟರ್ಬೊ ಇಲ್ಲದೆಯೇ ಬೇರೆ ದಾರಿ ಹಿಡಿಯಿತು. 2011ರ ಡೆಮಿಯೊ ಹ್ಯಾಚ್‌ಬ್ಯಾಕಿನ 1.3 ಎಂಜಿನ್ನಿಗೆ 14:1 ಕಂಪ್ರೆಶನ್ ಕೊಟ್ಟಿತು, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಹದಿನಾಲ್ಕನೇ ಒಂದು ಪಾಲು ಜಾಗಕ್ಕೆ ಒತ್ತಿ ಉರಿಸುವ ಹಾಗೆ ಮಾಡಿತು. ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಅದು ಹೆಚ್ಚಾಗಿ 10ರ ಆಸುಪಾಸು ಇರುತ್ತದೆ. ನಾನು ಆ ದಾರಿಯನ್ನು ಬಹಳ ಗೌರವಿಸುತ್ತೇನೆ. ಒಟ್ಟಿನಲ್ಲಿ ಮೈಲೇಜ್ ಇರುವುದು ನಿಮ್ಮ ಬಲಗಾಲಿನಲ್ಲಿ. ಶೋರೂಮಿನವರು ತೋರಿಸುವ ಹಾಳೆಯಲ್ಲಿ ಅದನ್ನು ಹುಡುಕಬೇಡಿ.

ಎತ್ತರದ ಜಾಗದಲ್ಲಿ ಇರುವವರಿಗೆ ಮಾತ್ರ ನಾನು ಹೆಚ್ಚು ಯೋಚಿಸದೆ ಟರ್ಬೊ ಅನ್ನುತ್ತೇನೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 1,000 ಮೀಟರಿಗೆ ಸಾದಾ ಎಂಜಿನ್ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಆ ಕೊರತೆಯನ್ನು ಒತ್ತಿ ತುಂಬಿಕೊಳ್ಳುತ್ತದೆ.

ಮತ್ತೆ, ದಯವಿಟ್ಟು ಮೂರು ಸಿಲಿಂಡರಿನ ಸಣ್ಣ ಟರ್ಬೊ ಎಂಜಿನ್ನಿನ ನಡುಕವನ್ನು ಟರ್ಬೊದ ತಲೆಗೆ ಕಟ್ಟಬೇಡಿ. ಟರ್ಬೊ ಇಲ್ಲದ ಮೂರು ಸಿಲಿಂಡರಿನ ಎಂಜಿನ್‌ಗಳೂ ಬೇಕಾದಷ್ಟಿವೆ, ಅವೂ ಹಾಗೇ ನಡುಗುತ್ತವೆ.

ನನ್ನ ಹತ್ತಿರ ಇರುವುದು ಟರ್ಬೊ. ದಿನಕ್ಕೆ ಒಂದು ಕಡೆಗೆ 30 ಕಿಲೋಮೀಟರ್ ಹೋಗುತ್ತೇನೆ, ಹೆಚ್ಚಿನದು ಬಿಡುವಾದ ರಸ್ತೆ. ಎಂಜಿನ್ ಚೆನ್ನಾಗಿ ಕಾಯುತ್ತದೆ. ನಿಮ್ಮದು ಹಾಗಿಲ್ಲದಿದ್ದರೆ ನನ್ನದನ್ನು ನೋಡಿ ತಗೊಳ್ಳಬೇಡಿ.

ಮಾವ ಕಾರು ಮಾರಲಿಲ್ಲ. ಆಯಿಲ್ ಬದಲಿಸಿದೆವು. ಪಕ್ಕ ಕೂತು ಗೇರ್ ಇಳಿಸುವುದನ್ನು ಎರಡು ಭಾನುವಾರ ಹೇಳಿಕೊಟ್ಟೆ. ಅಳಿಯನಿಂದ ಕಲಿಯಬೇಕಾಯಿತಲ್ಲ ಅಂತ ಮೊದಲು ಗೊಣಗಿದರು, ಆಮೇಲೆ ಅದೇ ಹಿಡಿಸಿತು. ಶಾಲೆಯ ಎರಡು ಕಿಲೋಮೀಟರನ್ನು ಈಗ ಮೊಮ್ಮಗಳ ಜೊತೆ ನಡೆಯುತ್ತಾರೆ. ಮಳೆ ಬಂದರೆ ಮಾತ್ರ ಕಾರು. ವಾರಕ್ಕೊಂದು ಸಲ ಕಾರನ್ನು ದೂರ ಓಡಿಸಿಕೊಂಡು ಬರುತ್ತಾರೆ. ಬಂದ ದಿನ ರಾತ್ರಿ ನನಗೆ ಫೋನ್ ಬರುತ್ತದೆ. ಹೋದ ಭಾನುವಾರವೂ ಬಂತು. "ಡಿಪ್‌ಸ್ಟಿಕ್ ನೋಡಿದೆ ಕಣೋ" ಅಂದರು. "ಆಯಿಲ್ ಎರಡು ಗೆರೆ ಮಧ್ಯದಲ್ಲೇ ಇದೆ."