ಡ್ರ್ಯಾಗನ್ ಕಾಯಲಿ, ಮೊದಲು ರೇಟು ನೋಡೋಣ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಆನ್‌ಲೈನ್ ಆಟಕ್ಕೆ ಲಾಗಿನ್ ಆದರೆ ಈಗ ನಾನು ಮೊದಲು ಓಡುವುದು ಗ್ರ್ಯಾಂಡ್ ಎಕ್ಸ್‌ಚೇಂಜ್‌ಗೆ, ಅಂದರೆ ಆಟಗಾರರು ವಸ್ತುಗಳನ್ನು ಕೊಂಡು ಮಾರುವ ಆಟದೊಳಗಿನ ಮಾರುಕಟ್ಟೆಗೆ. ಯಾವ ಪೋಷನ್ (ಶಕ್ತಿ ಕೊಡುವ ಮದ್ದು) ಎಷ್ಟಕ್ಕೆ ಹೋಯಿತು ಅಂತ ಬರೆದಿಡಲು ಸ್ಪ್ರೆಡ್‌ಶೀಟ್ ಬೇರೆ!

ಕಡಿಮೆಗೆ ಕೊಂಡು ಜಾಸ್ತಿಗೆ ಮಾರುವುದು, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ 4 ಗಂಟೆಗೆ ಒಂದು ವಸ್ತುವನ್ನು ಇಷ್ಟೇ ಕೊಳ್ಳಬಹುದು ಅನ್ನುವ ಮಿತಿ ಇದೆ. ದುಡ್ಡಿದ್ದವರು ಎಲ್ಲವನ್ನೂ ಒಂದೇ ಸಲ ಬಾಚಿಕೊಳ್ಳಲು ಆಗುವುದಿಲ್ಲ. 2021ರ ಕೊನೆಗೆ ಮಾರಾಟದ ಮೇಲೆ ತೆರಿಗೆಯೂ ಬಂತು. ಹಾಗಾಗಿ ಬೆಲೆಯಲ್ಲಿ ಸ್ವಲ್ಪ ಅಂತರ ಕಂಡ ಕೂಡಲೇ ಸುಮ್ನೆ ಕುಣಿಯಬಾರದು, ತೆರಿಗೆ ಕಳೆದು ನೋಡಬೇಕು. ಆ ತೆರಿಗೆಯ ಒಂದು ಪಾಲಿನಿಂದ ಆಟವೇ ಕೆಲವು ವಸ್ತುಗಳನ್ನು ಕೊಂಡು ಅಳಿಸಿಹಾಕುತ್ತದೆ. ಇಲ್ಲದಿದ್ದರೆ ಕತ್ತಿ, ಕವಚ ಎಲ್ಲ ರಾಶಿ ಬಿದ್ದು ಬೆಲೆ ನೆಲಕಚ್ಚುತ್ತದೆ. ಯಾರೋ ಚೆನ್ನಾಗಿ ಯೋಚಿಸಿದ್ದಾರೆ.

ಈವ್ ಆನ್‌ಲೈನ್ ಅನ್ನುವ ಇನ್ನೊಂದು ಆಟದ ಕಂಪನಿಯಂತೂ 2007ರಲ್ಲಿ ನಿಜವಾದ ಅರ್ಥಶಾಸ್ತ್ರಜ್ಞರನ್ನೇ ಕೆಲಸಕ್ಕೆ ಇಟ್ಟುಕೊಂಡಿತ್ತು. ಅದರಲ್ಲಿ ಅತಿ ಏನೂ ಇಲ್ಲ ಬಿಡಿ. ನಾಣ್ಯ ಸುಳ್ಳಾದರೂ ಆಸೆ, ಭಯ ಎರಡೂ ನಿಜವೇ. ಅಪ್‌ಡೇಟ್‌ನ ಸುಳಿವು ಸಿಕ್ಕರೆ ಸಾಕು, ಅದು ಬರುವ ಮೊದಲೇ ಬೆಲೆ ಏರಿರುತ್ತದೆ. ಬಂದ ದಿನ ಎಷ್ಟೋ ಸಲ ಇಳಿಯುತ್ತದೆ.

ಸದ್ಯ ಪೋಷನ್ ಮಾಡಲು ಬೇಕಾಗುವ ಗಿಡಮೂಲಿಕೆ ಒಂದಿಷ್ಟು ಕೊಂಡಿಟ್ಟಿದ್ದೇನೆ. ಆಟಕ್ಕೆ ಹೊಸ ಬಾಸ್ (ಸೋಲಿಸಲು ಕಷ್ಟವಾದ ದೊಡ್ಡ ಶತ್ರು) ಬರುವ ಮೊದಲು ಮಾರಲಾ, ಆಮೇಲೆ ಮಾರಲಾ? ಬಲ್ಲವರು ಹೇಳಿ.