ಮರಳು ನೊಣದ ಲೆಕ್ಕ, ಮೂರನೇ ಕಂತು: ಸೊಳ್ಳೆಪರದೆ ಮಾಡಿದ ಮೋಸ

ಹೋದ ಕಂತಿನಲ್ಲಿ ಬಲೆ ತಯಾರಿಸಿದ ಕಥೆ ಹೇಳಿ, ಇನ್ನು ಹಿಡಿಯುವುದೊಂದೇ ಬಾಕಿ ಅಂತ ಜಂಬದಿಂದ ಮುಗಿಸಿದ್ದೆ. ಅದಾದ ಮೇಲೆ ಹದಿನೇಳು ರಾತ್ರಿ ಬಲೆ ಇಟ್ಟೆ. ಸಿಕ್ಕ ಮರಳು ನೊಣ ಸೊನ್ನೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ, ರೊಬಸ್ಟಾ ಕಾಫಿ ತೋಟದ ನಡುವೆ. 2024ರಲ್ಲಿ ಗುಜರಾತಿನ ಮಕ್ಕಳಿಗೆ ಮೆದುಳಿನ ಊತ ತರುವ ಚಾಂದಿಪುರ ವೈರಸ್ ಬಂದ ಸುದ್ದಿ ಓದಿದಾಗ ಈ ಹುಚ್ಚು ಹತ್ತಿತು. 1965ರಲ್ಲಿ ನಾಗಪುರದ ಹತ್ತಿರದ ಚಾಂದಿಪುರದಲ್ಲಿ ಮೊದಲು ಸಿಕ್ಕ ವೈರಸ್ ಅದು. ಅದನ್ನು ಹರಡುತ್ತದೆ ಅಂತ ಮುಖ್ಯವಾಗಿ ಬೊಟ್ಟು ಮಾಡುವುದು ಸೊಳ್ಳೆಗಿಂತ ಚಿಕ್ಕದಾದ, ರಕ್ತ ಕುಡಿಯುವ ಮರಳು ನೊಣದ ಕಡೆಗೇ. ಬಿಹಾರ, ಜಾರ್ಖಂಡ್ ಕಡೆಯ ಕಾಲಾ ಅಜಾರ್ (ಬಹುದಿನ ಜ್ವರ ಬಂದು ಗುಲ್ಮ ಊದುವ ಕಾಯಿಲೆ) ಹರಡುವುದೂ ಇದೇ ಗುಂಪಿನ ನೊಣ. ಕೇರಳದ ತಿರುವನಂತಪುರ ಜಿಲ್ಲೆಯ ಕಾಡಂಚಿನ ಕಾಣಿ ಬುಡಕಟ್ಟಿನ ಜನರಲ್ಲಿ ಇದರಿಂದ ಚರ್ಮದ ಹುಣ್ಣು ಆಗಿದ್ದೂ ದಾಖಲಾಗಿದೆ. ಅದೂ ನಮ್ಮ ಪಶ್ಚಿಮ ಘಟ್ಟವೇ ಅಲ್ವಾ? ಹಾಗಾದರೆ ನಮ್ಮ ಕೊಟ್ಟಿಗೆಯಲ್ಲಿ ಏನಿದೆ? ನಾನು ಕಾಯಿಲೆ ಹುಡುಕುತ್ತಿಲ್ಲ. ನೊಣ ಇದೆಯೋ ಇಲ್ಲವೋ, ಇದ್ದರೆ ಯಾವುದು, ಎಲ್ಲಿ. ಅಷ್ಟೇ.

ಊರಲ್ಲಿ ಕೇಳುವ ಪ್ರಶ್ನೆ ಎರಡು. ಹೊಳೆದಂಡೆಯ ಮರಳಲ್ಲಿ ಇರುವ ನೊಣವಾ? ಅಲ್ಲ, ಮೈಬಣ್ಣ ಮರಳಿನದು, ಅದಕ್ಕೆ ಆ ಹೆಸರು. ಮಂಗನ ಕಾಯಿಲೆ ತರುವುದು ಇದೇನಾ? ಅದೂ ಅಲ್ಲ, ಅದು ಉಣುಗಿನ ಕೆಲಸ.

ಮಾರ್ಚ್ 2

ಬಲೆ ಅಂದರೆ ದೊಡ್ಡದೇನಲ್ಲ. ಪಿವಿಸಿ ಪೈಪಿನ ತುಂಡು, ಹಳೆ ಕಂಪ್ಯೂಟರಿನ ಫ್ಯಾನು, ಮೇಲೊಂದು ಸಣ್ಣ ಬಲ್ಬು, 12 ವೋಲ್ಟಿನ ಬ್ಯಾಟರಿ, ಕೆಳಗೆ ಬಲೆಚೀಲ. ಬೆಳಕಿಗೆ ಬಂದ ಹುಳವನ್ನು ಫ್ಯಾನು ಕೆಳಗೆ ಎಳೆದು ಚೀಲಕ್ಕೆ ತಳ್ಳುತ್ತದೆ. ಸರ್ವೆ ಮಾಡುವವರು ಬಳಸುವ ಬೆಳಕಿನ ಬಲೆಯೂ ಇದೇ ತತ್ವದ್ದು.

ಹದಿನೇಳು ಸೊನ್ನೆ ಬರೆದು ಬೇಜಾರಾಗಿ, ಇವತ್ತು ಸಂಜೆ ಏಳಕ್ಕೆ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಟಾರ್ಚು ಹಿಡಿದು ಸುಮ್ನೆ ಕೂತೆ. ಹಳೇ ಕೊಟ್ಟಿಗೆ. ಕಲ್ಲು-ಮಣ್ಣಿನ ಗೋಡೆ, ಗಿಲಾವು ಬಿರುಕು ಬಿಟ್ಟಿದೆ, ದನದ ಕಾಲಡಿಗೆ ತರಗೆಲೆ ಹಾಸಿದ್ದಾರೆ. ತೇವ, ಸಗಣಿ, ಕೊಳೆತ ಎಲೆ. ಮರಳು ನೊಣದ ಮರಿಹುಳ ಬೆಳೆಯುವುದು ಇಂಥ ಕಡೆಯೇ, ಸೊಳ್ಳೆಯ ಹಾಗೆ ನಿಂತ ನೀರಲ್ಲಲ್ಲ.

ಅರ್ಧ ಗಂಟೆ ಆದ ಮೇಲೆ ಗೋಡೆಯ ಮೇಲೊಂದು ಚುಕ್ಕಿ ಕಂಡಿತು. ಎಳ್ಳಿಗಿಂತ ತೆಳು, ಮೈತುಂಬ ಕೂದಲು. ರೆಕ್ಕೆ ಎರಡನ್ನೂ ಬೆನ್ನ ಮೇಲೆ ಎತ್ತಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಹಿಡಿದಿತ್ತು. ಟಾರ್ಚು ಹತ್ತಿರ ತಂದರೆ ಹಾರಲಿಲ್ಲ, ಪುಟ್ಟಪುಟ್ಟ ನೆಗೆತ ನೆಗೆದು ಒಂದು ಗೇಣು ಆಚೆ ಕೂತಿತು. ಪುಸ್ತಕದಲ್ಲಿ ಓದಿದ್ದೆಲ್ಲ ಕಣ್ಣೆದುರಿಗೆ! ನೆಗೆಯುತ್ತ ನೆಗೆಯುತ್ತ ಬಲ್ಬಿನ ಹತ್ತಿರ ಬಂತು. ಫ್ಯಾನು ಎಳೆದುಕೊಂಡಿತು. ನಾನು ಕೂಗುವುದೊಂದು ಬಾಕಿ.

ಎರಡು ನಿಮಿಷ ಬಿಟ್ಟು ನೋಡಿದರೆ ಅದು ಚೀಲದ ಹೊರಮೈ ಮೇಲೆ ಕೂತಿತ್ತು.

ಚೀಲ ಹೊಲಿದದ್ದು ಹಳೇ ಸೊಳ್ಳೆಪರದೆಯಲ್ಲಿ. ಪರದೆಯ ಕಣ್ಣು ಸೊಳ್ಳೆಯ ಅಳತೆಗೆ ಮಾಡಿದ್ದು. ಮರಳು ನೊಣ ಹೆಚ್ಚೆಂದರೆ 3 ಮಿಲಿಮೀಟರ್, ಸೊಳ್ಳೆಯ ಮೂರರಲ್ಲಿ ಒಂದು ಪಾಲು. ಸಾಮಾನ್ಯ ಸೊಳ್ಳೆಪರದೆಯಲ್ಲಿ ನುಸುಳಿ ಬರುತ್ತದೆ ಅಂತ ಮೊದಲ ಕಂತಿನಲ್ಲಿ ನಾನೇ ಬರೆದಿದ್ದೆ. ಹೊಲಿಯುವಾಗ ನೆನಪಾಗಲಿಲ್ಲ. ಹದಿನೇಳು ರಾತ್ರಿ ನನ್ನ ಬಲೆ ನೊಣಗಳನ್ನು ಒಳಗೆ ಕರೆದು, ಹಿಂಬಾಗಿಲಿನಿಂದ ಕಳಿಸಿಕೊಟ್ಟಿದೆ.

ಲೆಕ್ಕದ ಪುಸ್ತಕದಲ್ಲಿ ಆ ಹದಿನೇಳು ಸಾಲನ್ನೂ ಹೊಡೆದು ಹಾಕಿದೆ. ಅದು ನೊಣ ಇಲ್ಲದ ಸೊನ್ನೆಯಲ್ಲ, ಚೀಲ ಸರಿಯಿಲ್ಲದ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ಕಷ್ಟ.

ಮಾರ್ಚ್ 9

ಹೊಸ ಚೀಲ ಹೆಂಡತಿಯ ಹಳೇ ವಾಯಿಲ್ ಸೀರೆಯದ್ದು. "ಹಳೇದು ಅಂತ ಯಾರು ಹೇಳಿದ್ದು?" ಅಂತ ಆಮೇಲೆ ಕೇಳಿದಳು. ಬಟ್ಟೆ ದಟ್ಟವಾದ್ದರಿಂದ ಗಾಳಿ ಸರಾಗವಾಗಿ ಹೋಗುವುದಿಲ್ಲ. ಹಾಗಾಗಿ ಚೀಲವನ್ನು ಎರಡು ಪಟ್ಟು ಉದ್ದ ಮಾಡಿದೆ. ಬಲೆಯನ್ನೂ ನೆಲದ ಹತ್ತಿರಕ್ಕೆ ಇಳಿಸಿದೆ. ಇವು ಮೇಲಕ್ಕೆ ಹಾರುವ ಪೈಕಿ ಅಲ್ಲ. ಗಾಳಿ ಸ್ವಲ್ಪ ಜೋರಾದರೂ ಬಿರುಕಲ್ಲಿ ಮುದುರಿಕೊಳ್ಳುತ್ತವೆ.

ಬೆಳಿಗ್ಗೆ ಚೀಲದ ಬಾಯಿ ಕಟ್ಟಿ ಫ್ರೀಜರಿನಲ್ಲಿ ಅರ್ಧ ಗಂಟೆ ಇಡುತ್ತೇನೆ, ಮತ್ತಿ ಮೀನಿನ ಡಬ್ಬಿಯ ಪಕ್ಕ. ಇದರ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಆಮೇಲೆ ಬಿಳಿ ತಟ್ಟೆಗೆ ಕೊಡವಿ, ಸ್ಪಿರಿಟಿನಲ್ಲಿ ಅದ್ದಿದ ಕುಂಚದಿಂದ ಒಂದೊಂದನ್ನೇ ಆರಿಸಬೇಕು. ಪತಂಗ, ಜೀರುಂಡೆ, ಸೊಳ್ಳೆ, ನುಸಿ, ರೆಕ್ಕೆ ಗೆದ್ದಲು. ಇನ್ನೂರು ಹುಳದಲ್ಲಿ ಮೂರು ಮರಳು ನೊಣ. ಎರಡು ಹೆಣ್ಣು, ಒಂದು ಗಂಡು. ಗಂಡಿನ ಹಿಂಬದಿಯಲ್ಲಿ ಇಕ್ಕಳದ ಹಾಗೆ ಎರಡು ಕೊಂಡಿ ಇರುತ್ತವೆ, ಕೈಮಸೂರದಲ್ಲೇ ಗೊತ್ತಾಗುತ್ತದೆ. ರಕ್ತ ಕುಡಿಯುವುದು ಹೆಣ್ಣು ಮಾತ್ರ. ಗಂಡಿಗೂ ಹೆಣ್ಣಿಗೂ ಗಿಡದ ಸಿಹಿರಸ, ಗಿಡಹೇನು ಸುರಿಸುವ ಸಿಹಿ ಅಂಟು ಬೇಕು.

ಒಂದು ಎಚ್ಚರಿಕೆ. ಬಚ್ಚಲುಮನೆ ಗೋಡೆಯಲ್ಲಿ ಕೂತಿರುವ ಕೂದಲ ಪುಟ್ಟ ನೊಣದ ಫೋಟೋ ಕಳಿಸಿ "ಇದೇನಾ?" ಅಂತ ಕೇಳಿದವರು ಜಾಸ್ತಿ. ಅದು ದಾಯಾದಿ, ಒಂದೇ ಕುಟುಂಬ. ಆದರೆ ಅದು ರೆಕ್ಕೆಯನ್ನು ಪತಂಗದ ಹಾಗೆ ಮೈಮೇಲೆ ಹರಡಿ ಕೂರುತ್ತದೆ, ಎತ್ತಿ ಹಿಡಿಯುವುದಿಲ್ಲ, ಕಚ್ಚುವುದೂ ಇಲ್ಲ.

ಮಾರ್ಚ್ 16ರಿಂದ 20

ಬಲ್ಬಿಗೆ ಊರಿನ ಹುಳವೆಲ್ಲ ಬರುತ್ತದೆ. ಅದಕ್ಕೆ ಈ ವಾರ ಎಣ್ಣೆ ಹಾಳೆ. ಎ4 ಹಾಳೆಗೆ ಹರಳೆಣ್ಣೆ ಸವರಿ, ಸಂಜೆ ಬಿರುಕಿನ ಬಾಯಲ್ಲಿ ಕಡ್ಡಿಗೆ ಸಿಕ್ಕಿಸಿ ನಿಲ್ಲಿಸುವುದು. ಗೂಡಿನಿಂದ ನೆಗೆಯುತ್ತ ಬರುವ ನೊಣ ಅಂಟಿಕೊಳ್ಳುತ್ತದೆ. ಬ್ಯಾಟರಿ ಬೇಡ, ಫ್ಯಾನು ಬೇಡ, ಸೀರೆಯಂತೂ ಬೇಡವೇ ಬೇಡ.

ಲೆಕ್ಕವೂ ಚೊಕ್ಕ. ಹದಿನಾರು ಎ4 ಹಾಳೆ ಸೇರಿದರೆ 1 ಚದರ ಮೀಟರ್. ಎರಡೂ ಮುಖ ಎಣಿಸಿದರೆ ಎಂಟೇ ಹಾಳೆ ಸಾಕು. ಹಾಗಾಗಿ ಎಲ್ಲ ಕಡೆ ಎಂಟರ ಲೆಕ್ಕದಲ್ಲಿ ಇಟ್ಟೆ. ಕೊಟ್ಟಿಗೆಗೆ 24 ಹಾಳೆ, ತೋಟದ ಅಂಚಿನ ಹುತ್ತಕ್ಕೆ 8, ತೋಟದ ಕೆಲಸಗಾರರ ಲೈನ್ ಮನೆಯ ಹೊರಗೋಡೆಗೆ 8, ನಮ್ಮ ಮಲಗುವ ಕೋಣೆಗೆ 8.

ಹುತ್ತದ ಹಾಳೆಗಳದ್ದೇ ತಲೆನೋವು. ಆ ಕಡೆ ಆನೆ ಓಡಾಡುವ ದಾರಿ. ಎರಡನೇ ಸಂಜೆ ಹೊರಡುವ ಹೊತ್ತಿಗೆ ಫೋನಿಗೆ ಮೆಸೇಜು ಬಂತು, ಮರಿ ಸಮೇತ ಐದು ಆನೆ ಪಕ್ಕದ ತೋಟದಲ್ಲಿವೆ ಅಂತ. ಆ ದಿನ ಹಾಳೆ ಬದಲಿಸಲಿಲ್ಲ. ಮರಳು ನೊಣ ಹೊರಡುವುದೂ ಆನೆ ಹೊರಡುವುದೂ ಒಂದೇ ಹೊತ್ತಿಗೆ, ಏನು ಮಾಡುವುದು! ಹಾಳೆ ಇಡುವುದು ಐದರೊಳಗೆ, ತೆಗೆಯುವುದು ಬಿಸಿಲು ಬಿದ್ದ ಮೇಲೆ ಅಂತ ನಿಯಮ ಮಾಡಿಕೊಂಡಿದ್ದೇನೆ.

ಲೈನ್ ಮನೆಯವರಿಗೆ ಹಾಳೆ ಯಾಕೆ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳಿದೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹಿರಿಯರೊಬ್ಬರು ಕಾಲಾ ಅಜಾರ್ ಅನ್ನುವ ಹೆಸರು ಕೇಳಿದ ಕೂಡಲೇ ತಲೆಯಾಡಿಸಿದರು. ಅವರ ಅಜ್ಜಿ ಹೇಳುತ್ತಿದ್ದರಂತೆ. ನಾನು ಪುಸ್ತಕದಲ್ಲಿ ಓದಿದ್ದು ಅವರ ಮನೆಯ ನೆನಪು. ಈ ನೊಣ ಕಚ್ಚಿದರೆ ಕಾಲಾ ಅಜಾರ್ ಬರುತ್ತದೆ ಅಂತ ಕೊನೆಗೂ ತೋರಿಸಿಕೊಟ್ಟವರು ಸಂಶೋಧಕರಾದ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್, 1942ರಲ್ಲಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ಸೋತಿದ್ದರು. ನೊಣಕ್ಕೆ ಬರೀ ರಕ್ತ ಕೊಡದೆ ಒಣದ್ರಾಕ್ಷಿಯ ಸಿಹಿಯನ್ನೂ ಕೊಟ್ಟಾಗ ಅದರ ಹೊಟ್ಟೆಯಲ್ಲಿ ರೋಗಾಣು ಚೆನ್ನಾಗಿ ಬೆಳೆಯಿತು. ಇಷ್ಟು ದೊಡ್ಡ ಗಂಟು ಬಿಚ್ಚಿದ್ದು ಒಣದ್ರಾಕ್ಷಿ ಅನ್ನುವುದು ನನಗೆ ಇವತ್ತಿಗೂ ಮಜಾ ಅನ್ನಿಸುತ್ತದೆ.

ಐದು ರಾತ್ರಿಯ ಲೆಕ್ಕ ಹೀಗಿದೆ. ಕೊಟ್ಟಿಗೆಯಲ್ಲಿ 21, ಅಂದರೆ ಚದರ ಮೀಟರಿಗೆ ಏಳು. ಹುತ್ತದಲ್ಲಿ 14. ಲೈನ್ ಮನೆ ಗೋಡೆಯಲ್ಲಿ 2. ಮಲಗುವ ಕೋಣೆಯಲ್ಲಿ ಸೊನ್ನೆ. ಈ ಸೊನ್ನೆಯನ್ನು ಹೊಡೆದು ಹಾಕಲಿಲ್ಲ. ಅದೇ ಎಣ್ಣೆ, ಅದೇ ರಾತ್ರಿಗಳು, ಬೇರೆ ಕಡೆ ನೊಣ ಅಂಟಿದೆ. ಹಾಗಾಗಿ ಇದನ್ನು ನಂಬಬಹುದು, ಐದು ರಾತ್ರಿಯ ಮಟ್ಟಿಗೆ.

ಕೊಟ್ಟಿಗೆಯದ್ದು ನಿಜಕ್ಕೂ 23 ಹಾಳೆಯ ಲೆಕ್ಕ. ಕೊನೇ ದಿನ ಒಂದು ಹಾಳೆಯನ್ನು ಕರು ತಿಂದುಬಿಟ್ಟಿತು. ಹರಳೆಣ್ಣೆ ತನ್ನ ಕೆಲಸ ಮಾಡಿತು. ಪಕ್ಕದ ಮನೆ ಅಕ್ಕ ಮರುದಿನ ಬೇಲಿ ಆಚೆಯಿಂದಲೇ, "ಏನಪ್ಪಾ, ನಿನ್ನ ನೊಣದ ಔಷಧ ನಮ್ಮ ಕರುವಿಗೆ ಯಾಕೆ ಕೊಟ್ಟೆ?" ಅಂದರು.

ಏಪ್ರಿಲ್ 6

ಹೂಮಳೆ ಬಿದ್ದು, ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗಿದೆ. ನಾನು ಮಾತ್ರ ಎರಡು ಭಾನುವಾರ ಮೈಕ್ರೋಸ್ಕೋಪಿನ ಮುಂದೆ ಕಳೆದೆ. ಅದು ನನ್ನದಲ್ಲ, ಸ್ನೇಹಿತರು ಪಾಠ ಮಾಡುವ ಕಡೆಯದು.

ಬರಿಗಣ್ಣಿಗೆ ಎಲ್ಲ ಮರಳು ನೊಣವೂ ಒಂದೇ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿ ಮೈ ಪಾರದರ್ಶಕ ಮಾಡಿ, ತಲೆ ಬೇರೆ ಹೊಟ್ಟೆ ಬೇರೆ ಇಟ್ಟು ನೋಡಬೇಕು. ಬೇಗ ಸಿಗುವ ಗುರುತು ಹೊಟ್ಟೆಯ ಕೂದಲು, ಆದರೆ ಅದನ್ನು ನೆನೆಸುವ ಮೊದಲೇ ನೋಡಿಕೊಳ್ಳಬೇಕು. ಮರಳು ನೊಣದ ಫ್ಲೆಬೋಟೋಮಸ್ ಗುಂಪಿನಲ್ಲಿ (ಕಾಲಾ ಅಜಾರ್ ಹರಡುವ ನೊಣ ಇದರಲ್ಲೇ ಇದೆ) ನೆಟ್ಟಗೆ ನಿಂತಿರುತ್ತದೆ, ಇನ್ನೊಂದು ಗುಂಪಾದ ಸರ್ಜೆಂಟೋಮಿಯಾದಲ್ಲಿ ಹೆಚ್ಚಾಗಿ ಎಣ್ಣೆ ಹಾಕಿ ಬಾಚಿದ ಹಾಗೆ ಮಲಗಿರುತ್ತದೆ. ಸರ್ಜೆಂಟೋಮಿಯಾದ ಗಂಟಲಲ್ಲಿ ಹಲ್ಲಿನ ಸಾಲೂ ಕಾಣುತ್ತದೆ. ಇವು ಬಹುಪಾಲು ಹಲ್ಲಿ, ಓತಿಗಳ ರಕ್ತ ಕುಡಿಯುವವು. ಆದರೂ ಚಾಂದಿಪುರ ವೈರಸ್ಸಿನ ವಿಷಯದಲ್ಲಿ ಇವುಗಳ ಮೇಲೂ ಅನುಮಾನ ಇದೆ, ಹಗುರವಾಗಿ ಬಿಡುವ ಹಾಗಿಲ್ಲ.

ಎಣ್ಣೆಯಲ್ಲಿ ಅರ್ಧಕ್ಕರ್ಧ ಹಾಳಾಗಿದ್ದವು. ನೋಡಲು ಸಿಕ್ಕಿದ್ದು 19. ಹುತ್ತದ ಹತ್ತೂ ಸರ್ಜೆಂಟೋಮಿಯಾ. ಕೊಟ್ಟಿಗೆಯ ಒಂಬತ್ತರಲ್ಲಿ ಐದು ಅದೇ, ನಾಲ್ಕು ಫ್ಲೆಬೋಟೋಮಸ್. ಈ ನಾಲ್ಕರ ಕಾಲು ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ. ಕಾಲಾ ಅಜಾರ್ ಹರಡುವ ನೊಣದ ಹೆಸರು ಅರ್ಜೆಂಟಿಪೆಸ್, ಅಂದರೆ ಬೆಳ್ಳಿಕಾಲು. ದನದ ಕೊಟ್ಟಿಗೆ ಅದಕ್ಕೆ ಇಷ್ಟದ ಜಾಗ. ಕಾಲು ನೋಡಿ ಹೆಸರಿಡುವಷ್ಟು ಧೈರ್ಯ ನನಗಿಲ್ಲ. ಸ್ಲೈಡುಗಳು ಇದನ್ನೇ ಓದಿದವರ ಕೈಗೆ ಹೋಗಿವೆ.

ಈ ಸುದ್ದಿ ಹೇಳಿದ ಕೂಡಲೇ ಅಕ್ಕ ಕಾಫಿಗೆ ಹೊಡೆಯುವ ಔಷಧವನ್ನೇ ಕೊಟ್ಟಿಗೆಗೂ ಹೊಡೆದುಬಿಡೋಣ ಅಂದರು. ಬೇಡ ಅಂದೆ. ಕಾಯಿಲೆ ಬಂದ ಊರಿಲ್ಲ, ಕಾಯಿಲೆಯ ಜನರಿಲ್ಲ, ನೊಣ ಇದೆ ಅಂದ ಮಾತ್ರಕ್ಕೆ ದನ ಉಸಿರಾಡುವ ಕಡೆ ವಿಷ ಯಾಕೆ? ಬಿರುಕಿಗೆ ಮಣ್ಣು ಮೆತ್ತಿ, ಕೊಳೆತ ತರಗೆಲೆಯನ್ನು ಬೇಗ ಬೇಗ ಗುಂಡಿಗೆ ಹಾಕಿದರೆ ಸಾಕು. ಆದರೆ ಗೋಡೆ ಮೆತ್ತುವ ಮೊದಲು ನನಗೆ ಎರಡು ವಾರ ಕೊಡಿ ಅಂತಲೂ ಕೇಳಿಕೊಂಡೆ. ಮೆತ್ತುವ ಮುಂಚೆ ಎಷ್ಟು, ಮೆತ್ತಿದ ಮೇಲೆ ಎಷ್ಟು, ಅದೇ ಮುಂದಿನ ಲೆಕ್ಕ.

ಮುಂಗಾರು ಹಿಡಿಯುವುದರೊಳಗೆ ಮುಗಿಸಬೇಕು. 48 ಹಾಳೆಗೆ ಎಣ್ಣೆ ಸವರಿ ಇಟ್ಟಿದ್ದೇನೆ. ಹಾಳೆಯನ್ನು ಮೇಲೆ ಕಟ್ಟಿದರೆ ನೊಣ ಬರುವುದಿಲ್ಲ, ಕೆಳಗೆ ಕಟ್ಟಿದರೆ ಕರು ಬಿಡುವುದಿಲ್ಲ. ಕೊನೆಗೆ ಎರಡು ವಾರ ಕರುವನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಲು ಅಕ್ಕ ಒಪ್ಪಿದ್ದಾರೆ.