ಅವಳೊಬ್ಬಳೇ ಒಳಗೆ ಬರಲಿ

ಹುಡುಗಿಗೆ 16 ವರ್ಷ, ಸ್ಕ್ಯಾನಿಂಗ್ ವರದಿಯ ಪ್ರಕಾರ 15 ವಾರದ ಗರ್ಭಿಣಿ. ಹಾವೇರಿಯ ಆಸ್ಪತ್ರೆಯ ಬೇವಿನ ಮರದ ಕೆಳಗೆ ಅವಳ ಬದುಕಿನ ಪಂಚಾಯಿತಿ ನಡೆದಿತ್ತು. ಓಣಿಯ ಆಶಾ ಕಾರ್ಯಕರ್ತೆ ಎಂಬ ಕಾರಣಕ್ಕೆ ನಾನೂ ಇದ್ದೆ.

"ಆ ಹುಡುಗನನ್ನೇ ಕರೆಸಿ ತಾಳಿ ಕಟ್ಟಿಸಿಬಿಡೋಣ, ಮಾನ ಉಳಿಯುತ್ತದೆ" ಎಂದ ಸೋದರಮಾವ. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಅಸಿಂಧು, ಮಾಡಿಸಿದವರ ಮೇಲೂ ಕೇಸು ಬೀಳುತ್ತದೆ ಎಂದು ನಾನು ಹೇಳಿದ ಮೇಲೆ ಅವನ ದನಿ ಇಳಿಯಿತು. ದೊಡ್ಡವ್ವನ ಸಲಹೆ ಇನ್ನೂ ಭಯಂಕರ: ಪಕ್ಕದ ಊರಿನಲ್ಲಿ ಗುಟ್ಟಾಗಿ ಔಷಧಿ ಕೊಡುವ ಮುದುಕಿಯೊಬ್ಬಳಿದ್ದಾಳಂತೆ. ಅಪ್ಪ ಮಾತೇ ಆಡಲಿಲ್ಲ. ಹುಡುಗಿಯನ್ನಂತೂ ಯಾರೂ ಕೇಳಲಿಲ್ಲ.

ಕೇಳಿದವರು ವೈದ್ಯೆ. "ಅವಳೊಬ್ಬಳೇ ಒಳಗೆ ಬರಲಿ" ಎಂದು ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿದರು, ನನ್ನನ್ನೂ. ಬಹಳ ಹೊತ್ತಿನ ನಂತರ ಅವ್ವನನ್ನೂ ನನ್ನನ್ನೂ ಕರೆದರು. ಹುಡುಗಿ ತಲೆಯೆತ್ತಿ, "ಅವ್ವಾ, ನನಗೆ ಇದು ಬೇಡ. ಕಾಲೇಜಿಗೆ ಹೋಗಬೇಕು" ಎಂದಳು.

20 ವಾರದೊಳಗಾದ್ದರಿಂದ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕಿತ್ತು. ಆದರೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ ಅಪ್ರಾಪ್ತೆಯಾದರೆ ಪಾಲಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೂ ತಿಳಿಸಲೇಬೇಕು. ಪೊಲೀಸ್ ಎಂದ ಕೂಡಲೇ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ನೋಡಿದಳು. ಈ ಭಯವೇ ಎಷ್ಟೋ ಹುಡುಗಿಯರನ್ನು ಆ ಮುದುಕಿಯ ಮನೆಗೆ ಕಳಿಸುತ್ತದೆ. ಹುಡುಗಿಯೂ ಪಾಲಕರೂ ಕೋರಿದರೆ ವೈದ್ಯರು ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ವೈದ್ಯೆ ಬಿಡಿಸಿ ಹೇಳಿದ ಮೇಲೆ ಅವ್ವ ಕುರ್ಚಿಯಲ್ಲಿ ಸರಿಯಾಗಿ ಕುಳಿತಳು.

ಅಷ್ಟರಲ್ಲಿ ಸೋದರಮಾವ ಬಾಗಿಲಲ್ಲಿ ಇಣುಕಿ, "ಅವಳಿಗೇನು ತಿಳಿಯುತ್ತದೆ?" ಎಂದ. ಹೆರುವಷ್ಟು ದೊಡ್ಡವಳು, ಬೇಡ ಎನ್ನಲು ಮಾತ್ರ ಚಿಕ್ಕವಳು! ಸಹಿ ಹಿರಿಯರದಿರಲಿ, ತೀರ್ಮಾನ ಅವಳದೇ ಆಗಬೇಕು. ಅವಳು ಮಗು ಬೇಕು ಎಂದಿದ್ದರೆ? ಆಗಲೂ ಅವಳ ಪಕ್ಕದಲ್ಲೇ ನಿಲ್ಲಬೇಕಿತ್ತು. ಅದು ನನಗೆ ಇಷ್ಟು ಸಲೀಸಾಗುತ್ತಿರಲಿಲ್ಲ, ಮನೆಯವರಷ್ಟೇ ನಾನೂ ಬುದ್ಧಿ ಹೇಳಲು ಹೊರಡುತ್ತಿದ್ದೆನೇನೋ.

ಪಾಲಕರೆಂದರೆ ಅಪ್ಪನೇ ಆಗಬೇಕೆಂದಿಲ್ಲ. ಅವ್ವ ಸಹಿ ಹಾಕಿದಳು, ತನ್ನ ಹೆಸರನ್ನು ಕೂಡಿಸಿ ಕೂಡಿಸಿ ಬರೆದು. ಹುಡುಗಿ ಈಗ ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಸೋದರಮಾವ ಎದುರಿಗೆ ಸಿಕ್ಕರೆ ನನ್ನನ್ನು ಮಾತನಾಡಿಸುವುದಿಲ್ಲ. ನನಗೇನೂ ನಷ್ಟವಿಲ್ಲ.